ಜಗಲಿಗೂ ಕಾಲಿಡದವಳು

ಕೊಡಗು ಚಿಕ್ಕ ರಾಜ್ಯ ಎನ್ನುವವರನ್ನು ಕಂಡರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಮೈಸೂರಿಗೆ ಸೇರುವ ಮುಂಚಿನ ಆ ವರ್ಷಗಳಲ್ಲಿ ಅದು ನಿಜಕ್ಕೂ ರಾಜ್ಯವೇ ಆಗಿತ್ತು. ಮಡಿಕೇರಿಯೇ ರಾಜಧಾನಿ, ನಮ್ಮದೇ ವಿಧಾನಸಭೆ, ನಮ್ಮದೇ ಮಂತ್ರಿಗಳು. ಹಾಸನದ ಕಡೆಯ ನಮ್ಮ ನೆಂಟರು ಬಂದಾಗಲೆಲ್ಲ, “ಈ ತುದೀಲಿ ಕೆಮ್ಮಿದ್ರೆ ಆ ತುದೀಲಿ ಕೇಳುಸ್ತದಂತೆ ನಿಮ್ ರಾಜ್ಯದಲ್ಲಿ” ಎಂದು ಗೇಲಿ ಮಾಡುತ್ತಿದ್ದರು. ಅವರಲ್ಲಿ ಒಬ್ಬರಾದರೂ ಏಪ್ರಿಲ್ ಬಿಸಿಲಿನಲ್ಲಿ ಸೋಮವಾರಪೇಟೆಯಿಂದ ಮಾಕುಟ್ಟದವರೆಗೆ ಸೈಕಲ್ ತುಳಿದಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ನಾನು ತುಳಿದಿದ್ದೇನೆ. ಪೂವಮ್ಮ ತುಳಿದಿದ್ದಾಳೆ. ಸುಲೋಚನಳೂ ತುಳಿದಿದ್ದಾಳೆ, ಅರ್ಧ ದಾರಿ ಗೊಣಗುತ್ತ.

ನಾವು ಮೂವರೂ ಸೋಮವಾರಪೇಟೆಯ ಕಡೆ ಹಂಗಾಮಿ ಟೀಚರುಗಳು. ಒಂದೇ ಬಾಡಿಗೆ ಮನೆ, ಒಂದೇ ಒಲೆ. ನಾನು ಲಿಂಗಮ್ಮ, ಹಾಸನದಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯವಳು. ಸುಲೋಚನ ಮಡಿಕೇರಿಯ ಗುಮಾಸ್ತರೊಬ್ಬರ ಮಗಳು. ಉಪ್ಪಿನಕಾಯಿ ಭರಣಿ ಇಲ್ಲದೆ ಹೊಸ್ತಿಲು ದಾಟಿದವಳಲ್ಲ. ಪೂವಮ್ಮ ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಹುಡುಗಿ. ಮಾತು ಕಮ್ಮಿ, ಹಟ ಜಾಸ್ತಿ. ನಾನು ಅವಳನ್ನು ಬೈಯದ ದಿನವಿರಲಿಲ್ಲ, ಅವಳನ್ನು ಬಿಟ್ಟು ಉಂಡ ದಿನವೂ ಇರಲಿಲ್ಲ.

ಆ ವರ್ಷ ಮಾಕುಟ್ಟದಲ್ಲಿ ಹೊಸ ಶಾಲೆ ತೆರೆಯುವುದೆಂದು ತೀರ್ಮಾನವಾಯಿತು. ಮಾಕುಟ್ಟ ಎಂದರೆ ಕಾಡು. ನಮ್ಮ ರಾಜ್ಯ ಅಲ್ಲಿಗೆ ಮುಗಿದು ಮಲಬಾರು ಶುರುವಾಗುತ್ತದೆ. ರಸ್ತೆಗೆ ಅಡ್ಡ ಒಂದು ಗೇಟು, ಕೆಲವು ಗುಡಿಸಲು, ಬಿದಿರು ಕಡಿಯುವವರ ಮಕ್ಕಳು, ಅಷ್ಟೇ. ಗಂಡು ಮೇಷ್ಟರುಗಳು ಒಬ್ಬೊಬ್ಬರೂ ಒಂದೊಂದು ಕಾಯಿಲೆ ಹೇಳಿ ತಪ್ಪಿಸಿಕೊಂಡರು. ಪೂವಮ್ಮ ತಾನಾಗಿ ಹೋಗಿ ಕೇಳಿದಳು. ಅವಳ ಹಂಗಾಮಿ ಕೆಲಸ ಆ ಬೇಸಿಗೆಗೆ ಮುಗಿಯುತ್ತಿತ್ತು, ಕಾಯಂ ಆಗಲು ಉಳಿದಿದ್ದ ದಾರಿ ಅದೊಂದೇ. ಅದು ತಪ್ಪಿದರೆ ಊರಿಗೆ ಹೋಗಿ ಅಪ್ಪನ ತೋಟದಲ್ಲಿ ಏಲಕ್ಕಿ ಬಿಡಿಸುತ್ತ ಕೂರಬೇಕು. ಅವಳಿಗೆ ಮಕ್ಕಳ ಮುಂದೆ ನಿಂತರೆ ಮಾತ್ರ ಮಾತು ಬರುತ್ತಿತ್ತು. ಅದನ್ನು ಕಂಡವಳು ನಾನು. ಆ ಕೆಲಸ ಹೋದರೆ ಅವಳು ಪೂರ್ತಿ ಮೂಕಿಯಾಗುತ್ತಾಳೆ ಎಂದು ನನಗೆ ಭಯವಿತ್ತು.

ಶಾಲೆಗಳ ಇನ್ಸ್‌ಪೆಕ್ಟರು ಘಟ್ಟದ ಕೆಳಗಿನವರು, ಸೌಮ್ಯ ಮನುಷ್ಯ. “ಅಲ್ಲಿ ಇನ್ನೂ ಕ್ವಾರ್ಟರ್ಸ್ ಕಟ್ಟಿಲ್ಲಮ್ಮ. ಕಟ್ಟುವವರೆಗೆ ಡೇರೆಯಲ್ಲಿ ಇರಬೇಕಾಗುತ್ತದೆ. ಮೀಟಿಂಗಿಗೆ ವಿರಾಜಪೇಟೆಗೆ ಬರಬೇಕು, ಬಸ್ಸನ್ನು ನಂಬುವ ಹಾಗಿಲ್ಲ. ಹೆಣ್ಣುಮಕ್ಕಳ ಕೈಲಿ ಆಗುವ ಕೆಲಸವಲ್ಲ” ಎಂದರು.

“ಸೈಕಲ್ ಇದೆ, ಸರ್. ಡೇರೇನೂ ಇದೆ” ಎಂದಳು ಪೂವಮ್ಮ.

ಅವರಿಗೆ ನಗು ಬಂತು. “ಹಾಗಾದರೆ ಒಂದು ಕೆಲಸ ಮಾಡಿ. ರಜೆ ಶುರುವಾದ ನಾಲ್ಕನೆಯ ದಿನ ನಾನು ಜಾಗ ನೋಡಲು ಮಾಕುಟ್ಟಕ್ಕೆ ಹೋಗುತ್ತೇನೆ. ನೀವು ಇಲ್ಲಿಂದ ಅಲ್ಲಿಗೆ ಸೈಕಲ್ಲಿನಲ್ಲೇ ಬನ್ನಿ. ದಾರಿಯಲ್ಲಿ ಯಾರ ಮನೆಯಲ್ಲೂ ತಂಗದೆ ಡೇರೆಯಲ್ಲೇ ಮಲಗಿ ಬನ್ನಿ. ಬಂದರೆ ಶಾಲೆ ನಿಮ್ಮದು.”

ಹುಡುಗಿಯನ್ನು ನಯವಾಗಿ ಸಾಗಹಾಕಿದೆ ಎಂದುಕೊಂಡಿರಬೇಕು ಅವರು. ಪೂವಮ್ಮ ಮನೆಗೆ ಬಂದವಳೇ ಅಟ್ಟ ಹತ್ತಿ ಡೇರೆ ಇಳಿಸಿದಳು. ಅವಳ ಅಪ್ಪ ಗುರುವಪ್ಪನವರು ಪಟ್ಟಾಳದಲ್ಲಿ ಸಿಪಾಯಿಯಾಗಿದ್ದವರು; ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಹಳೆಯ ಹಸಿರು ಡೇರೆ ಅದು. ಗೂಟ ಹೊಡೆಯುವುದು, ಹಗ್ಗ ಬಿಗಿಯುವುದು, ನೀರು ಹರಿದು ಹೋಗಲು ಸುತ್ತ ಕಾಲುವೆ ತೋಡುವುದು ಎಲ್ಲವನ್ನೂ ಮಗಳಿಗೆ ಅವರೇ ಕಲಿಸಿದ್ದರು. ಅವಳೊಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನು ಹೊರಟೆ ಎಂದ ಮೇಲೆ ಸುಲೋಚನ ಹೊರಡಲೇಬೇಕಾಯಿತು, ಒಬ್ಬಳೇ ಇದ್ದರೆ ಅಡುಗೆ ಮಾಡಿಕೊಳ್ಳಬೇಕಲ್ಲ.

ಮೊದಲ ದಿನವೇ ಒಂದು ಅನಾಹುತ ತಪ್ಪಿತು. ಕೊಡಗಿನ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸುತ್ತಾರೆ. ನೋಡಲು ಬಲು ಚೆಂದ. ಆದರೆ ಆ ಸೀರೆ ಉಟ್ಟು ಇಳಿಜಾರಿನಲ್ಲಿ ಸೈಕಲ್ ಬಿಟ್ಟರೆ ನೆರಿಗೆಯೆಲ್ಲ ಹಿಂದಿನ ಚಕ್ರಕ್ಕೆ ಹೋಗುತ್ತದೆ ಎಂಬುದು ಪೂವಮ್ಮನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಸೋಮವಾರಪೇಟೆಯ ಇಳಿಜಾರಿನಲ್ಲಿ ಮುಂದೆ ಹೋಗುತ್ತಿದ್ದವಳು ಗಕ್ಕನೆ ನಿಂತು, ಸೈಕಲ್ ಸಮೇತ ಲಂಟಾನ ಪೊದೆಯೊಳಗೆ ಬಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು. ಚಕ್ರದ ಕಡ್ಡಿಗಳ ನಡುವಿನಿಂದ ಸೀರೆ ಬಿಡಿಸುವಾಗ ನಾನು ಬಾಯಿಗೆ ಬಂದಂತೆ ಬೈದೆ.

“ಬೈದದ್ದು ಆಯ್ತಲ್ಲ ಲಿಂಗು, ಈಗ ನಾಟಿ ಮಾಡುವಾಗ ಕಟ್ತಾರಲ್ಲ, ಹಾಗೆ ಎತ್ತಿ ಕಟ್ಟು” ಎಂದಳು ಅವಳು, ಎಲೆ ಕೊಡವಿಕೊಳ್ಳುತ್ತ. ಹಾಗೇ ಮಾಡಿದೆ. ಮೊಣಕಾಲಿಗೆ ಸೀರೆ ಎತ್ತಿ ಕಟ್ಟಿದ ಮೂವರು ಟೀಚರುಗಳು ಹಿಂದೆ ಗಂಟುಮೂಟೆ ಹೇರಿಕೊಂಡು ರಸ್ತೆಯಲ್ಲಿ ಬರುವುದನ್ನು ಕಂಡು ಗಾಡಿ ಹೊಡೆಯುವವರು ಎತ್ತು ನಿಲ್ಲಿಸಿ ನೋಡಿದರು. ನೋಡಲಿ ಎಂದುಕೊಂಡೆ. ನಮ್ಮ ಕಾಲು ನಮ್ಮ ಸೈಕಲ್ ತುಳಿಯುತ್ತಿತ್ತು, ಅವರದೇನು ಹೋಯಿತು.

ಕುಶಾಲನಗರದ ಬಯಲಿಗೆ ಇಳಿದ ಮೇಲೆ ಬಿಸಿಲು ಏನೆಂದು ಗೊತ್ತಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋಗಿ ವಾರಗಳಾಗಿದ್ದವು, ಗಾಳಿ ಸತ್ತಿತ್ತು. ಹ್ಯಾಂಡಲ್ಲಿನ ಕಬ್ಬಿಣ ಮುಟ್ಟಿದರೆ ಅಂಗೈ ಚುರುಕ್ ಎನ್ನುತ್ತಿತ್ತು. ನಮ್ಮ ಮನೆ ದಾರಿಯಲ್ಲೇ ಸಿಕ್ಕಿತು. ಅವ್ವ ಅಂಗಳದ ಹುಣಸೆ ಮರದ ಕೆಳಗೆ ಮಜ್ಜಿಗೆ ತಂದುಕೊಟ್ಟು, “ಒಳೀಕ್ ಬರಾಕಿಲ್ವಂತೆ, ಏನ್ ವ್ರತನೋ ಏನ್ ಕತೆನೋ” ಎಂದು ಮೂಗು ಮುರಿದಳು. ಆ ರಾತ್ರಿ ಕಾವೇರಿ ದಡದಲ್ಲಿ ಡೇರೆ ಹಾಕಿದೆವು. ನೀರು ಮೊಣಕಾಲುದ್ದ ಇತ್ತು. ಸೀರೆ ಸಮೇತ ಕೂತು ಕತ್ತಿನವರೆಗೆ ಮುಳುಗಿದಾಗ ನನಗೆ ಇನ್ನು ಯಾವ ಸ್ವರ್ಗವೂ ಬೇಡವೆನ್ನಿಸಿತು.

ನಿಜವಾದ ಕಷ್ಟ ಮಾರನೇ ದಿನ ಕಾದಿತ್ತು. ಅದು ಬಿಸಿಲಿನದ್ದೂ ಅಲ್ಲ, ಏರಿನದ್ದೂ ಅಲ್ಲ.

ಸಿದ್ದಾಪುರ ದಾಟಿ ವಿರಾಜಪೇಟೆ ದಾರಿಯಲ್ಲಿ ಪೂವಮ್ಮನ ಸೋದರತ್ತೆ ಬೊಳ್ಳಮ್ಮನ ಮನೆ. ಅವರ ಗಂಡ ಬೋಜಪ್ಪ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮನೆಯ ಮುಂದೆ ಸ್ವಂತ ಗದ್ದೆ, ಹಿಂದೆ ಒಂದಿಷ್ಟು ಕಾಫಿ. ಪೂವಮ್ಮನ ತಾಯಿ ಬೇಗ ತೀರಿಕೊಂಡರು. ಗುರುವಪ್ಪನವರು ಪಟ್ಟಾಳದಲ್ಲಿದ್ದಷ್ಟು ಕಾಲವೂ ಮಗುವನ್ನು ಸಾಕಿದವರು ಅವರ ಈ ಅಕ್ಕ. ಆ ಮನೆಯ ಜಗಲಿಯ ಮೇಲೆಯೇ ಅಕ್ಕಿ ಹರಡಿ, ಬೆರಳು ಹಿಡಿದು ಅವಳಿಗೆ ಅಕ್ಷರ ತಿದ್ದಿಸಿದ್ದರು. ಕೊಡಗಿನಲ್ಲಿ ದಾರಿಹೋಕನನ್ನೂ ಊಟ ಹಾಕದೆ ಕಳಿಸುವುದಿಲ್ಲ. ಹಾಗಿರುವಾಗ ಸಾಕಿದ ಮಗಳು ಮನೆಯೆದುರಿನ ರಸ್ತೆಯಲ್ಲಿ ಹಾದು ಹೋಗುವುದೆಂದರೇನು?

“ಕತ್ತಲಾಗೋಕ್ ಮುಂಚೆ ದಾಟಿ ಹೋಗಾನ ಕಣೆ” ಎಂದೆ ನಾನು. ಆದರೆ ಸುಲೋಚನಳ ಕಾಲು ಹಿಡಿದುಕೊಂಡಿತ್ತು. ಮುಂದೆ ಕಾಡು, ಸಂಜೆ ಆನೆ ರಸ್ತೆ ದಾಟುವ ಜಾಗ. ನೀರು ಹತ್ತಿರವಿದ್ದ ಬಯಲೆಂದರೆ ಅತ್ತೆಯ ಗದ್ದೆ ಒಂದೇ. ಕೊಯ್ಲಾಗಿ ಒಣಗಿದ ಕೂಳೆಯ ಮೇಲೆ ಡೇರೆ ಹಾಕಿದೆವು. ಹಗ್ಗ ಬಿಗಿಯುತ್ತಿರುವಾಗಲೇ ಏರಿಯ ಮೇಲೆ ಬೊಳ್ಳಮ್ಮ ಬಂದರು. ಎತ್ತರದ ಆಳು, ತಲೆಗೆ ಬಿಗಿದ ವಸ್ತ್ರ, ಸೊಂಟದಲ್ಲಿ ಕತ್ತಿ.

“ಪೂವಿ, ಎಂತದಿದು?”

“ಡೇರೆ, ಅತ್ತೆ.”

“ಅದು ನಂಗೂ ಕಾಣ್ತುಟ್ಟು. ಅಲ್ಲಿ ನನ್ನ ಮನೆ ಉಟ್ಟು. ಅದು ನಿಂಗೆ ಕಾಣ್ತಿಲ್ಲೆನಾ?” ಅವರ ಅರೆಭಾಷೆಯ ‘ಉಟ್ಟು’ ಎಂದರೆ ನಮ್ಮ ‘ಉಂಟು’.

ಪೂವಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ, ಇನ್ಸ್‌ಪೆಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. “ಬೇರೆ ಸೂರಿನಡಿ ಮಲಗಿದ್ರೆ ಕೆಲಸ ಸಿಕ್ಕುದಿಲ್ಲೆ ಅತ್ತೆ.”

“ಇಲ್ಲಿ ಬಂದು ನೋಡುವವು ಯಾರು?”

“ಯಾರೂ ಇಲ್ಲೆ. ಆದ್ರೂ ಅವರು ಕೇಳುವಾಗ ಸುಳ್ಳು ಹೇಳುಕೆ ನಂಗೆ ಆಗುದಿಲ್ಲೆ.”

ಬೊಳ್ಳಮ್ಮ ಅವಳ ಕೈ ಹಿಡಿದರು. ದನಿ ಮೆತ್ತಗಾಗಿತ್ತು. “ಮಲಗುದು ಬೇಡ. ಜಗಲಿಗಾದ್ರೂ ಬಾ. ಒಂದು ಲೋಟ ಕಾಫಿ ಕುಡ್ದು ಹೋಗ್. ನಿನ್ನ ಗೆಳತಿಯರೂ ಬರ್ಲಿ.”

ನಾನಾಗಿದ್ದರೆ ಹೋಗಿಬಿಡುತ್ತಿದ್ದೆ, ಖಂಡಿತ ಹೋಗುತ್ತಿದ್ದೆ. ಪೂವಮ್ಮ ಮನೆಯ ಕಡೆ ನೋಡಿದಳು. “ಆ ಜಗಲಿ ಹತ್ತಿದ್ರೆ ನಾ ಇಳಿಯುದಿಲ್ಲೆ ಅತ್ತೆ. ನಂಗೆ ಗೊತ್ತುಟ್ಟು” ಎಂದಳು.

ಬೊಳ್ಳಮ್ಮ ಕೈ ಬಿಟ್ಟರು. “ಊರವು ಎಂತ ಹೇಳುವೊ? ತಮ್ಮನ ಮಗಳನ್ನ ಬೊಳ್ಳಮ್ಮ ಗದ್ದೇಲಿ ಮಲಗಿಸಿದ್ಲು ಅಂತ ಹೇಳುವೊ. ನಾ ಇನ್ನು ಯಾರ ಮನೆ ಮದುವೆಗೆ ಹೋಗ್ಲಿ?” ಎಂದವರೇ ಬಂದ ದಾರಿಯಲ್ಲಿ ತಿರುಗಿ ಹೊರಟರು. ಒಮ್ಮೆಯೂ ಹಿಂದೆ ನೋಡಲಿಲ್ಲ.

ನಾವು ಒಲೆ ಹೂಡುವ ಗೋಜಿಗೂ ಹೋಗದೆ ಕೂತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಏರಿಯ ಮೇಲೆ ಮತ್ತೆ ಹೆಜ್ಜೆ ಸಪ್ಪಳವಾಯಿತು. ಮುಂದೆ ಬೋಜಪ್ಪ, ತಲೆಯ ಮೇಲೆ ಬುಟ್ಟಿ. ಹಿಂದೆ ಬೊಳ್ಳಮ್ಮ, ಒಂದು ಕಂಕುಳಲ್ಲಿ ಚಾಪೆ, ಹೆಗಲ ಮೇಲೆ ಮನೆಯ ಕೋವಿ. ಬುಟ್ಟಿಯಿಂದ ಅಕ್ಕಿರೊಟ್ಟಿ ಬಂತು, ಕೋಳಿಸಾರು ಬಂತು, ಕೋಳಿ ತಿನ್ನದ ಸುಲೋಚನಳಿಗೆಂದು ಎಳೆ ಹಲಸಿನ ಗುಜ್ಜೆ ಪಲ್ಯವೂ ಬಂತು. ಬೊಳ್ಳಮ್ಮ ನನಗೆ ಬಡಿಸಿದರು, ಸುಲೋಚನಳಿಗೆ ಬಡಿಸಿದರು, ಪೂವಮ್ಮನ ಎಲೆಗೆ ಎಲ್ಲರಿಗಿಂತ ಹೆಚ್ಚು ಬಡಿಸಿದರು. ಆದರೆ ಅವಳೊಡನೆ ಒಂದು ಮಾತೂ ಆಡಲಿಲ್ಲ. ಉಂಡ ಮೇಲೆ ಡೇರೆಯ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ, ಕೋವಿಯನ್ನು ಮಡಿಲಲ್ಲಿಟ್ಟು ಕೂತರು.

“ಇವತ್ತು ಮನೇಲಿ ಮಲಗುಕೆ ಅಪ್ಪಣೆ ಇರುದು ನಂಗೊಬ್ಬಂಗೆ” ಎಂದು ಬೋಜಪ್ಪ ಬುಟ್ಟಿ ಎತ್ತಿಕೊಂಡು ಹೋದರು.

ಬೆಳಗ್ಗೆ ಎದ್ದಾಗ ಚಾಪೆಯೂ ಇಲ್ಲ, ಅತ್ತೆಯೂ ಇಲ್ಲ. ಚಾಪೆ ಇದ್ದ ಜಾಗದಲ್ಲಿ ಬಟ್ಟೆ ಸುತ್ತಿದ ಬೆಲ್ಲದ ಕಾಫಿಯ ಪಾತ್ರೆ, ಮೂರು ಲೋಟ. ಕಾಫಿ ಇನ್ನೂ ಬಿಸಿಯಾಗಿತ್ತು. ಪೂವಮ್ಮ ಕುಡಿದು, ಲೋಟಗಳನ್ನು ತೊಳೆದು ಕವುಚಿಟ್ಟು, ಮನೆಯ ಕಡೆ ತಿರುಗಿ ನಿಂತಳು. ಜಗಲಿಯಲ್ಲಿ ಯಾರೂ ಕಾಣಲಿಲ್ಲ. ವಿರಾಜಪೇಟೆ ಬರುವವರೆಗೂ ಅವಳು ಅಳುತ್ತಲೇ ಸೈಕಲ್ ತುಳಿದಳು. ಮುಂದೆ ಹೋಗಿ ಬೈಯೋಣವೆಂದರೆ ನನಗೂ ಅಳು.

ವಿರಾಜಪೇಟೆಯಲ್ಲಿ ಸೋಡಾ ಕುಡಿದು, ಪೆರುಂಬಾಡಿಯ ಕಡೆ ತಿರುಗುವ ಹೊತ್ತಿಗೆ ನೆತ್ತಿ ಸುಡುತ್ತಿತ್ತು. ಸುಲೋಚನ ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸಿ ನೆರಳಲ್ಲಿ ಕೂತಳು. ಕಾದ ಗಾಳಿ ಉಬ್ಬಿ ಅವಳ ಹಿಂದಿನ ಟ್ಯೂಬು ಢಂ ಎಂದು ಒಡೆಯಿತು. ಆನೆ ಓಡಿಸಲು ಯಾರೋ ಗುಂಡು ಹೊಡೆದರೆಂದು ಅವಳು ನನ್ನನ್ನು ತಬ್ಬಿಕೊಂಡಳು. ಪೂವಮ್ಮ ಕಣ್ಣೊರೆಸಿಕೊಂಡು ಟ್ಯೂಬು ಬಿಚ್ಚಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದಳು. ಆಮೇಲೆ ಮೂರೂ ಸೈಕಲ್ಲುಗಳ ಗಾಳಿಯನ್ನು ಒಂದಿಷ್ಟು ಇಳಿಸಿದಳು. ಸಂಜೆ ಪೆರುಂಬಾಡಿಯ ಕೆರೆಯ ಬದಿಯಲ್ಲಿ ಡೇರೆ ಹಾಕಿ, ಗಂಜಿ ಬೇಯಿಸಿ, ಸುಲೋಚನಳ ಉಪ್ಪಿನಕಾಯಿಯನ್ನು ತಳ ಕಾಣುವವರೆಗೆ ತಿಂದೆವು. ಆ ಭರಣಿ ಹೊತ್ತು ತಂದದ್ದಕ್ಕೆ ಅವಳನ್ನು ಹೊಗಳಲೇಬೇಕಾಯಿತು.

ಬೆಳಗ್ಗೆ ಘಟ್ಟ ಇಳಿದೆವು. ತಿರುವು, ಮತ್ತೆ ತಿರುವು, ಎರಡೂ ಕಡೆ ಕಾಡು. ಬ್ರೇಕು ಹಿಡಿದು ಹಿಡಿದು ಬೆರಳು ಸೆಟೆದುಕೊಂಡವು. ಕೆಳಗೆ ಇಳಿದಷ್ಟೂ ಸೆಕೆ ಏರಿತು. ಮಾಕುಟ್ಟದ ಗೇಟು ಕಂಡಾಗ ಮೂವರೂ ಒಟ್ಟಿಗೆ ಗಂಟೆ ಬಾರಿಸಿದೆವು. ಒಂದು ಮರದ ಕೆಳಗೆ ಜೀಪು. ಅದರ ನೆರಳಲ್ಲಿ ಇನ್ಸ್‌ಪೆಕ್ಟರು. ಸುತ್ತ ಮಕ್ಕಳು, ಒಬ್ಬೊಬ್ಬರದು ಒಂದೊಂದು ಭಾಷೆ.

ಅವರು ನಮ್ಮ ಕೆಂಪು ಧೂಳಿನ ಮುಖ ನೋಡಿದರು, ಪೂವಮ್ಮನ ಮೊಣಕೈ ನೋಡಿದರು, ಬಗ್ಗಿ ಟೈರು ನೋಡಿದರು. “ಸೈಕಲ್ಲಿನಲ್ಲಿ ಬಂದಿರಿ, ಒಪ್ಪಿದೆ. ಇಷ್ಟು ನಾನು ಎಣಿಸಿರಲಿಲ್ಲ” ಎಂದರು. ಆಮೇಲೆ ಕೇಳಿದರು, “ದಾರಿಯಲ್ಲಿ ನೆಂಟರು ಯಾರೂ ಇಲ್ಲವೇ?”

“ಇದ್ದಾರೆ ಸರ್. ಸಿದ್ದಾಪುರದಿಂದ ಈಚೆಗೆ ನನ್ನನ್ನು ಸಾಕಿದ ಅತ್ತೆ ಇದ್ದಾರೆ. ಅವರ ಗದ್ದೆಯಲ್ಲೇ ಮಲಗಿದೆವು” ಎಂದಳು ಪೂವಮ್ಮ. ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಈ ಸತ್ಯವಂತೆಯ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು ನನಗೆ.

ಇನ್ಸ್‌ಪೆಕ್ಟರು ತಲೆಯಾಡಿಸಿದರು. “ನೋಡಿಯಮ್ಮ, ಕೊಡಗಿನಲ್ಲಿ ನನ್ನ ಜೀಪು ಕೆಟ್ಟು ಯಾರದೋ ಗೇಟಿನ ಮುಂದೆ ನಿಂತರೂ ಆ ಮನೆಯವರು ಊಟ ಹಾಕದೆ ಬಿಟ್ಟಿಲ್ಲ. ಸಾಕಿದ ಅತ್ತೆ ನಿಮ್ಮನ್ನು ಗದ್ದೆಯಲ್ಲಿ ಮಲಗಲು ಬಿಟ್ಟರೆಂದರೆ ಹೇಗೆ ನಂಬಲಿ? ಅವರು ಬಿಟ್ಟರೂ ನಿಮಗೆ ಮನಸ್ಸು ಬಂದೀತೇ? ಒಂದು ರಾತ್ರಿ ಅತ್ತೆ ಮನೆಗೆ ಹೋಗಿದ್ದರೆ ನಾನು ತಪ್ಪೆನ್ನುವುದಿಲ್ಲ. ಆದರೆ ಇಲ್ಲಿ ಮಳೆ ಹಿಡಿದ ಮೊದಲ ವಾರವೇ ಹಾಗೆ ಹೋಗಿಬಿಟ್ಟರೆ ಈ ಮಕ್ಕಳ ಗತಿಯೇನು?”

ನಾನು ಬಾಯಿ ಹಾಕಿದೆ. ನಾವಿಬ್ಬರೂ ಸಾಕ್ಷಿ ಎಂದೆ. ಗೆಳತಿಯರು ಹಾಗೆ ಹೇಳದೆ ಇನ್ನು ಹೇಗೆ ಹೇಳುತ್ತಾರೆ ಎಂದರು. ಡೇರೆ ಬಿಚ್ಚಿ ಅಡಿಗೆ ಅಂಟಿದ ಕೂಳೆ, ಮಣ್ಣು ತೋರಿಸಿದೆ. ಅವರು ನೋಡಿದರು. “ಮಡಿಕೇರಿಗೆ ಹೋಗಿ ತಿಳಿಸುತ್ತೇನೆ” ಎಂದರು. ಆ ಮಾತಿನ ಅರ್ಥ ಎಲ್ಲ ಹಂಗಾಮಿಗಳಿಗೂ ಗೊತ್ತು. ಪೂವಮ್ಮ ಡೇರೆಯ ಹಗ್ಗ ಸುತ್ತತೊಡಗಿದಳು. ಇನ್ನು ಅವಳು ಮಾತಾಡುವುದಿಲ್ಲ ಎಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ಬಸ್ಸು ಬಂದು ಗೇಟಿನಲ್ಲಿ ನಿಂತಿತು. ಮೊದಲು ಒಂದು ಚಾಪೆ ಇಳಿಯಿತು, ಆಮೇಲೆ ಒಂದು ಬುಟ್ಟಿ, ಆಮೇಲೆ ಬೊಳ್ಳಮ್ಮ. ನಮ್ಮ ಕಡೆ ನೋಡದೆ ನೇರ ಜೀಪಿನ ಹತ್ತಿರ ಹೋದರು.

“ಇನ್ಸ್‌ಪೆಕ್ಟರು ನೀವಾ?”

“ಹೌದಮ್ಮ.”

“ನಿಮಗೆ ಮಕ್ಕಳುಂಟಾ?”

“ಇದ್ದಾರೆ.”

“ಅವರು ನಿಮ್ಮ ಅಕ್ಕನ ಮನೆ ಮುಂದೆ ಗದ್ದೇಲಿ ಮಲಗಿದ್ರೆ ಆ ಅಕ್ಕನಿಗೆ ಹೇಗಾಗ್ಬೇಕು, ನೀವೇ ಹೇಳಿ. ಇದು ನಾನು ಎತ್ತಿ ಆಡಿಸಿದ ಕೂಸು. ನನ್ನ ತಮ್ಮನ ಮಗಳು, ನನ್ನ ಜಗಲಿಗೂ ಕಾಲಿಡ್ಲಿಲ್ಲ. ಕೈ ಹಿಡಿದು ಕರೆದೆ, ಬರ್ಲಿಲ್ಲ. ಕಾಫಿ ಕುಡಿದು ಹೋಗು ಅಂದೆ, ಹತ್ಲಿಲ್ಲ. ಈ ಪ್ರಾಯದಲ್ಲಿ ಕೋವಿ ಹಿಡ್ಕೊಂಡು ಇಡೀ ರಾತ್ರಿ ಇವಳ ಡೇರೆ ಬಾಗಿಲಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತೆ. ನೆಂಟರ ಮನೆಗೆ ಹೋಗ್ಬಾರ್ದು ಅಂತ ಹೇಳುದು ಎಂತ ಕಾನೂನು? ಅದನ್ನ ಮಾಡಿದವರ ಮುಖ ನೋಡಿ ಹೋಗುವ ಅಂತ ಬಂದೆ.”

ಬಸ್ಸಿನ ಡ್ರೈವರೂ ಇಂಜಿನ್ ನಿಲ್ಲಿಸಿ ಕೇಳುತ್ತಿದ್ದ. ಇನ್ಸ್‌ಪೆಕ್ಟರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಒಂದು ಗಳಿಗೆಯಾದರೂ ಒಳಗೆ ಬರಲಿಲ್ಲವೇ?”

“ಬಂದಿದ್ರೆ ನಾನು ಯಾಕೆ ಬಸ್ಸು ಹತ್ತಿ ಇಲ್ಲಿಗೆ ಬರ್ತಿದ್ದೆ?”

ಇನ್ಸ್‌ಪೆಕ್ಟರು ಪೂವಮ್ಮನ ಕಡೆ ತಿರುಗಿದರು. ಅದುವರೆಗೆ ಬರೀ ‘ಅಮ್ಮ’ ಎನ್ನುತ್ತಿದ್ದವರು ಆಗ ಹೆಸರು ಹಿಡಿದು ಕರೆದರು. “ಪೂವಮ್ಮನವರೇ, ಆ ಡೇರೆ ಸುತ್ತಬೇಡಿ. ಎಲ್ಲಿ ಹಾಕಿದರೆ ಅನುಕೂಲ ಎಂದು ನೀವೇ ಜಾಗ ತೋರಿಸಿ. ಶಾಲೆಯ ಶೆಡ್ಡನ್ನು ಅದರ ಪಕ್ಕದಲ್ಲೇ ಕಟ್ಟಿಸೋಣ.”

ನನಗೆ ಆ ಕ್ಷಣ ಹೇಗಾಯಿತೆಂದು ಹೇಳಲೇಬೇಕು. ಆ ಸುಡು ಬಿಸಿಲಿನಲ್ಲಿ, ಧೂಳು ಮೆತ್ತಿದ ಸೀರೆಯಲ್ಲಿ, ನನ್ನ ಗೆಳತಿ ಇಡೀ ರಾಜ್ಯದ ರಾಣಿಯ ಹಾಗೆ ಕಂಡಳು. ನನಗೆ ಅವಳ ಮೇಲೆ ಹೆಮ್ಮೆ, ಸುಲೋಚನಳ ಮೇಲೆ ಹೆಮ್ಮೆ, ನನ್ನ ಕಾಲುಗಳ ಮೇಲೂ ಹೆಮ್ಮೆ.

ತಾನು ಹೇಳಿದ ದೂರೇ ಕೆಲಸ ಕೊಡಿಸಿತು ಎಂದು ಬೊಳ್ಳಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬುಟ್ಟಿ ಬಿಚ್ಚಿದರು. ಮೊದಲ ರೊಟ್ಟಿಯನ್ನು ಇನ್ಸ್‌ಪೆಕ್ಟರ ಕೈಗೇ ಕೊಟ್ಟರು. ಬೈಸಿಕೊಂಡವರಿಗೂ ಊಟ ಹಾಕದೆ ಕಳಿಸುವ ಜನವಲ್ಲವಲ್ಲ. ಮಕ್ಕಳಿಗೆಲ್ಲ ಹಂಚಿದ ಮೇಲೆ ಎರಡು ದಿನಗಳ ಮೌನ ಮುರಿದು ಕೇಳಿದರು, “ಇವತ್ತು ಎಲ್ಲಿ ಮಲಗುದು, ಪೂವಿ?”

“ಡೇರೇಲಿ, ಅತ್ತೆ.”

“ಹಂಗಾರೆ ನನ್ನ ಚಾಪೆ ಒಳಗೆ ಹಾಕು. ಹೊರಗೆ ಸೊಳ್ಳೆ ಉಟ್ಟು.”

ಎರಡು ಬೇಸಿಗೆ ಕಳೆಯುವುದರೊಳಗೆ ಕೊಡಗು ಮೈಸೂರಿಗೆ ಸೇರಿ ಜಿಲ್ಲೆಯಾಯಿತು. ಪೂವಮ್ಮ ಮಾತ್ರ ಮಾಕುಟ್ಟದಲ್ಲೇ ಉಳಿದಳು. ಅಲ್ಲಿನ ಮಕ್ಕಳ ಜೊತೆ ಅವಳು ಆಡಿದಷ್ಟು ಮಾತು ನಮ್ಮ ಜೊತೆ ಯಾವತ್ತೂ ಆಡಲಿಲ್ಲ. ಬೊಳ್ಳಮ್ಮ ಮದುವೆಗಳಿಗೆ ಹೋಗುವುದನ್ನು ಬಿಡಲಿಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಒಮ್ಮೆ ಸಿದ್ದಾಪುರದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ನಾನು ಅವರ ಹಿಂದೆಯೇ ಕೂತಿದ್ದೆ. ನಾನಿರುವುದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ಹೆಂಗಸು ತನ್ನ ಮಗಳ ಒಡವೆಯ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದಳು. ಬೊಳ್ಳಮ್ಮ ಪೂರ್ತಿ ಕೇಳಿಸಿಕೊಂಡು, ಎಲೆಯ ಪಾಯಸ ಮುಗಿಸಿ, ಕತ್ತೆತ್ತಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು:

“ನನ್ನ ತಮ್ಮನ ಮಗಳು ಉಟ್ಟಲ್ಲಾ, ಪೂವಿ. ಅವಳು ನನ್ನ ಜಗಲಿಗೂ ಕಾಲಿಡ್ಲಿಲ್ಲೆ.”